ಶಿವದೇವಿಗೆ ತುಂಬಿದ ಉಡಿ

ನನ್ನ ಕಣ್ಣಿಗೆ ಮೋಸವಿಲ್ಲ ಎಂಬ ಸೊಕ್ಕು ನನಗೆ ಮೊದಲಿನಿಂದಲೂ ಇತ್ತು. ತೆಲುಗು ಸೀಮೆಯ ಮಣಿಕೊಂಡದ ನಮ್ಮ ಕಟ್ಟಡದಲ್ಲಿ ಯಾರ ಮನೆಯ ಕುಕ್ಕರು ಎಷ್ಟು ಸೀಟಿ ಹೊಡೆಯಿತೆಂಬುದೂ ನನಗೆ ಗೊತ್ತಿರುತ್ತಿತ್ತು. ಆ ಸೊಕ್ಕು ಮುರಿದದ್ದು ಕೆಳಮನೆಯ ಶಿವದೇವಿಯ ವಿಷಯದಲ್ಲಿ. ಅವಳು ಆಪರೇಶನ್ನಿಗೆ ದಿನ ಎಣಿಸುತ್ತಿದ್ದಳು, ನಾನು ತಿಂಗಳು ಎಣಿಸುತ್ತಿದ್ದೆ.

ಅವಳು ಮಾನ್ವಿ ಕಡೆಯವಳು. ಗಂಡ ತಾಯಪ್ಪ ಮಾದಾಪುರದ ಕಂಪನಿಯೊಂದಕ್ಕೆ ಕ್ಯಾಬ್ ಓಡಿಸುತ್ತಿದ್ದ. ಆಗ ಸುತ್ತಮುತ್ತ ಎಲ್ಲಿ ನೋಡಿದರೂ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅಲ್ಲಿ ದುಡಿಯಲು ಬಂದ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಶಿವದೇವಿ ದಿನಾ ಅರವತ್ತು ಜೋಳದ ರೊಟ್ಟಿ ತಟ್ಟುತ್ತಿದ್ದಳು. ಮದುವೆಯಾಗಿ ಹದಿನಾಲ್ಕು ವರ್ಷ, ಮಕ್ಕಳಿರಲಿಲ್ಲ. ಅದರ ಮಾತೆತ್ತುತ್ತಿರಲಿಲ್ಲ, ಆದರೆ ಯಾರಾದರೂ ಬಸುರಿಯ ಕುಬುಸದ ಕಾರ್ಯವಿದ್ದರೆ ಅವತ್ತೇ ಅವಳಿಗೆ ತಲೆನೋವು.

ಆ ಬೇಸಿಗೆಯಲ್ಲಿ ಅವಳ ಹೊಟ್ಟೆ ಮುಂದೆ ಬಂತು. ನೆಲದ ಮೇಲೆ ಕೂತು ತಟ್ಟುತ್ತಿದ್ದವಳು ಒಲೆಯನ್ನು ಕಟ್ಟೆಗೇರಿಸಿ ನಿಂತೇ ತಟ್ಟತೊಡಗಿದಳು. ಹತ್ತು ರೊಟ್ಟಿಗೊಮ್ಮೆ ಕೈ ತೊಳೆದು ಬಚ್ಚಲಿಗೆ ಹೋಗುವಳು. ಊಟಕ್ಕೆ ಕೂತರೆ ಅರ್ಧ ರೊಟ್ಟಿಗೇ ಸಾಕೆನ್ನುವಳು, ಆಮೇಲೆ ತಾಸಿಗೊಮ್ಮೆ ಒಂದಿಷ್ಟು ಗಂಜಿ. ಮಧ್ಯಾಹ್ನ ಒಂದು ಮಗ್ಗುಲಿಗೆ ಹೊರಳಿ, ಮೊಣಕಾಲ ನಡುವೆ ದಿಂಬಿಟ್ಟು ಮಲಗುವಳು.

"ಗ್ಯಾಸ್ ಆಗೇತ್ರಿ ಅಕ್ಕಾರ, ಸುಮ್ನಿರ್ರಿ" ಎನ್ನುವಳು ಕೇಳಿದರೆ.

ಮೂರು ಹೆತ್ತವಳಿಗೆ ಗ್ಯಾಸಿನ ಕಥೆ ಹೇಳುತ್ತಾಳಲ್ಲ ಎಂದು ಒಳಗೊಳಗೇ ನಕ್ಕೆ. ದೃಷ್ಟಿ ತಾಗೀತೆಂದು ಮುಚ್ಚಿಡುತ್ತಿದ್ದಾಳೆ ಅಂದುಕೊಂಡೆ. ಶುಕ್ರವಾರ ಉಡಿ ತುಂಬಲೆಂದು ಹಸಿರು ಖಣ, ಹಸಿರು ಬಳೆ, ಅಕ್ಕಿ, ಕೊಬ್ಬರಿ, ಉತ್ತತ್ತಿ ತಟ್ಟೆಯಲ್ಲಿಟ್ಟುಕೊಂಡು ಕೆಳಗಿಳಿದೆ.

ಶಿವದೇವಿ ತಟ್ಟೆ ನೋಡಿದಳು, ನನ್ನನ್ನು ನೋಡಿದಳು. ಹಿಟ್ಟಿನ ಕೈ ತೊಳೆದು ಬಂದು ಸೆರಗೊಡ್ಡಿದಳು. ಐದು ಹಿಡಿ ಅಕ್ಕಿ ಹಾಕಿ, ಮೇಲೆ ಖಣ, ಕೊಬ್ಬರಿ ಇಟ್ಟು, "ಎಷ್ಟು ತಿಂಗಳಾತ ದೇವಿ?" ಎಂದೆ.

"ಕೂಸಲ್ರಿ ಅಕ್ಕಾರ. ಗಡ್ಡಿ ಐತಿ, ಅಂಡಾಶಯದಾಗ. ಇಪ್ಪತ್ತೊಂದನೇ ತಾರೀಖಿಗೆ ಆಪರೇಶನ್."

ಭೂಮಿ ಬಾಯಿಬಿಡಬಾರದೇ ಅನಿಸಿತು. ಉಡಿಯಿಂದ ಖಣ ತೆಗೆಯಲು ಕೈ ಹಾಕಿದೆ. ಅವಳು ಸೆರಗನ್ನು ಬಿಗಿಯಾಗಿ ಹಿಡಿದಳು.

"ನೋವಿಗೆ ಅಂಜಂಗಿಲ್ರಿ. ಬಿಸಿನೀರಿನ ಚೀಲ ಇಟ್ಕೊಂಡ್ರ ಇಳೀತೈತಿ. ನೋವು ಒಮ್ಮೆಲೇ ಜೋರಾಗಿ ವಾಂತಿ ಬಂದ್ರ ತಾರೀಖು ಕಾಯಬ್ಯಾಡ, ಓಡಿ ಬಾ ಅಂದಾರ ಡಾಕ್ಟರು. ಆದ್ರ ಎರಡೂ ಕಡೆ ಐತ್ರಿ. ಹೊಟ್ಟಿ ಕೊಯ್ದು ನೋಡಿದ ಮ್ಯಾಲೇ ಒಂದರೆ ಉಳಿಸಾಕ ಆಗ್ತೈತೋ ಇಲ್ಲೋ ಹೇಳ್ತಾರಂತ. ಅದೊಂದ ಅಂಜಿಕಿ ನೋಡ್ರಿ."

ಇಷ್ಟನ್ನೂ ಅವಳು ರೊಟ್ಟಿಯ ಲೆಕ್ಕ ಹೇಳುವ ದನಿಯಲ್ಲೇ ಹೇಳಿದಳು. ಅಳು ಬಂದದ್ದು ನನಗೆ.

"ತಪ್ಪಾತವ್ವಾ. ಇದನ್ನ ವಾಪಸ್ ಒಯ್ತೀನಿ" ಎಂದೆ.

"ಒಯ್ಯಬ್ಯಾಡ್ರಿ. ಒಂದು ಉಳಿದ್ರ, ಮುಂದ ನೀವ ಮತ್ತ ತುಂಬುವಿರಂತ. ಉಳೀಲಿಲ್ಲಂದ್ರ, ಜಲ್ಮದಾಗ ಒಂದು ಸಲ ತುಂಬಿಸ್ಕೊಂಡಂಗರೆ ಆತು."

ಉಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದಳು. ನಾನು ಬಳೆ ತೊಡಿಸಿದೆ.