ಸಾಹೇಬರು ಎಳೆದ ಕಾಣದ ತಂತಿ

ಹೋದ ವಾರ ತರೀಕೆರೆ ಬಸ್ ನಿಲ್ದಾಣದ ಪಕ್ಕದ ಸಂದಿಯಲ್ಲಿ ನಡೆದು ಬರುತ್ತಿದ್ದೆ. ಮಿಕ್ಸಿ ರಿಪೇರಿ ಮಾಡುವ ಅಂಗಡಿಯೊಂದರಿಂದ ಬೆಸುಗೆಯ ರಾಳದ ಹೊಗೆ ಮೂಗಿಗೆ ಬಡಿಯಿತು. ಕಾಲು ತಾನಾಗಿಯೇ ನಿಂತಿತು. ಒಳಗೆ ಕೂತಿದ್ದವರು ತಲೆ ಎತ್ತಿ ಏನು ಬೇಕಿತ್ತು ಎಂದು ಕೇಳಿದರು. ಏನೂ ಇಲ್ಲ ಎಂದು ಮುಂದೆ ಬಂದೆ. ಆ ವಾಸನೆ ಮಾತ್ರ ನನ್ನ ಲ್ಯಾಬಿನ ಬಾಗಿಲವರೆಗೂ ಜೊತೆಗೇ ಬಂತು... ನಮ್ಮ ಎಕ್ಸ್‌ಚೇಂಜ್ ಸಾಹೇಬರ ಅಂಗಿಯಲ್ಲಿ ಸದಾ ಅದೇ ವಾಸನೆ ಇರುತ್ತಿತ್ತು.

ಊರಿನವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬಾಳಿನ ಬಹುಪಾಲು ದುಡಿದು ನಿವೃತ್ತರಾದವರು. ಮನೆಮನೆಯ ಫೋನುಗಳು ಒಂದೊಂದಾಗಿ ಮಾಯವಾದ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ಯಾರೋ ಎಸೆದ ಕಂಪ್ಯೂಟರುಗಳನ್ನು ತಂದು, ಬಿಚ್ಚಿ, ಜೋಡಿಸಿ, ಲಿನಕ್ಸ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಹಾಕಿ ಮತ್ತೆ ಓಡಿಸುವುದನ್ನು ಅರವತ್ತು ದಾಟಿದ ಮೇಲೆ ಕಲಿತರು. ಮನೆಯಲ್ಲಿ ದಖನಿ ಉರ್ದು, ನಮ್ಮೊಡನೆ ತರೀಕೆರೆಯ ಕನ್ನಡ. ಕೆಲಸ ಕೆಡುವಂತಾದಾಗ ಎರಡರಲ್ಲೂ ಮಾತಿಲ್ಲ, ಬರೀ ಗಡ್ಡ ಸವರಿಕೊಳ್ಳುತ್ತಿದ್ದರು.

ನಾನು ಪಂಚನಹಳ್ಳಿಯವಳು. ತರೀಕೆರೆಯಲ್ಲಿ ಸಣ್ಣದೊಂದು ರಕ್ತಪರೀಕ್ಷೆಯ ಲ್ಯಾಬ್ ಇಟ್ಟಿದ್ದೇನೆ. ಕಡೂರಿನಲ್ಲೂ ಅಜ್ಜಂಪುರದಲ್ಲೂ ಒಂದೊಂದು ಕೋಣೆಯಿದೆ. ಅಲ್ಲಿ ರಕ್ತ ತೆಗೆದು ಐಸ್ ಡಬ್ಬಿಯಲ್ಲಿ ಬಸ್ಸಿಗೆ ಕೊಡುತ್ತಾರೆ, ಪರೀಕ್ಷೆ ತರೀಕೆರೆಯಲ್ಲಿ ಆಗುತ್ತದೆ, ರಿಪೋರ್ಟು ಮಾತ್ರ ಆಯಾ ಊರಿನಲ್ಲೇ ಪ್ರಿಂಟಾಗಬೇಕು. ಅದಕ್ಕೆಂದು ಸಾಹೇಬರು ಮೂರೂ ಕಡೆ ಒಂದೊಂದು ಲಿನಕ್ಸ್ ಕಂಪ್ಯೂಟರ್ ಇಟ್ಟು, ರಿಪೋರ್ಟುಗಳ ಫೋಲ್ಡರ್ ಮೂರೂ ಊರಿನಲ್ಲಿ ಕಾಣುವಂತೆ ಮಾಡಿಕೊಟ್ಟಿದ್ದರು. ಎರಡು ವರ್ಷ ಯಾವ ತಕರಾರೂ ಇಲ್ಲದೆ ನಡೆಯಿತು.

ಕಡೂರಿನ ಕೋಣೆ ಒಂದು ಝೆರಾಕ್ಸ್ ಅಂಗಡಿಯ ಅರ್ಧ ಭಾಗ. ನಡುವೆ ಪ್ಲೈವುಡ್ಡಿನ ಗೋಡೆ. ಇಂಟರ್ನೆಟ್ ತಂತಿ ಇಬ್ಬರಿಗೂ ಒಂದೇ. ಅದರಲ್ಲಿ ಏನು ತಪ್ಪಿದೆ ಎಂದು ನನಗೆ ಅನ್ನಿಸಿರಲೇ ಇಲ್ಲ.

ಒಂದು ಬೆಳಿಗ್ಗೆ ಕಡೂರಿನಲ್ಲಿದ್ದೆ. ಹಿರೇನಲ್ಲೂರು ಕಡೆಯ ಹಳ್ಳಿಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದ ಹೆಂಗಸೊಬ್ಬರು ಬಂದು ಮುಂದೆ ನಿಂತರು. ಮೂರು ದಿನದ ಹಿಂದೆ ರಕ್ತ ಕೊಟ್ಟು ಹೋಗಿದ್ದರು. ಹೆಪಟೈಟಿಸ್ ಬಿ ಇದೆ ಎಂದು ರಿಪೋರ್ಟು ಬಂದಿತ್ತು. ಅದನ್ನು ಹೇಗೆ ಹೇಳುವುದೆಂದು ನಾನು ಮಾತು ಹುಡುಕುತ್ತಿರುವಾಗ ಆಕೆಯೇ ಕೇಳಿದರು.

"ರಿಪೋರ್ಟು ಇನ್ನೂ ನನ್ ಕೈಗೇ ಬಂದಿಲ್ಲ. ಊರೋರಿಗೆ ಹೆಂಗ್ ಸಿಕ್ತು ಅಕ್ಕ?"

ಹಿಂದಿನ ದಿನ ಅರ್ಧಕ್ಕರ್ಧ ಮಕ್ಕಳು ಶಾಲೆಯಲ್ಲಿ ಊಟ ಮಾಡಿರಲಿಲ್ಲವಂತೆ. ತಾಯಂದಿರು ಬಂದು ಪಾತ್ರೆ ಮುಟ್ಟಬೇಡ ಎಂದಿದ್ದರಂತೆ. ಸದ್ಯಕ್ಕೆ ಮನೆಯಲ್ಲಿರಿ ಎಂದು ಶಾಲೆಯವರೂ ಹೇಳಿ ಕಳಿಸಿದ್ದರು. ಆಕೆ ಅಳಲಿಲ್ಲ, ಬೈಯಲಿಲ್ಲ. ಬೆಂಚಿನ ತುದಿಯಲ್ಲಿ ಕೂತು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದರು. ನಮ್ಮ ಕಡೆಯಿಂದ ಯಾರೂ ಹೇಳಿಲ್ಲ ಎಂದು ನಾನು ಆಣೆ ಇಟ್ಟೆ. ಹೇಳುವಾಗಲೇ ನನ್ನ ಮಾತು ನನಗೇ ಪೊಳ್ಳು ಅನ್ನಿಸುತ್ತಿತ್ತು.

ಸಾಹೇಬರಿಗೆ ಫೋನು ಮಾಡಿದೆ. ಸಿಕ್ಕಿದ ಬಸ್ಸು ಹತ್ತಿ ಬಂದರು. ನನ್ನ ಕಂಪ್ಯೂಟರನ್ನು ಮುಟ್ಟಲೂ ಇಲ್ಲ, ನೇರವಾಗಿ ಝೆರಾಕ್ಸ್ ಅಂಗಡಿಯವರ ಕಂಪ್ಯೂಟರಿನ ಮುಂದೆ ಕೂತರು. ಎರಡು ಬಾರಿ ಒತ್ತುವಷ್ಟರಲ್ಲಿ ನನ್ನ ಲ್ಯಾಬಿನ ಫೋಲ್ಡರ್ ತೆರೆದುಕೊಂಡಿತು. ಹೆಸರು, ಊರು, ರೋಗ ಎಲ್ಲ ಸಾಲಾಗಿ... ಅಂಗಡಿಯವರು ಬಿಳುಚಿಕೊಂಡರು. ಹೊಸ ಪ್ರಿಂಟರ್ ಹುಡುಕುವಾಗ ಒಮ್ಮೆ ಅದು ತೆರೆದಿತ್ತು, ತಕ್ಷಣ ಮುಚ್ಚಿದೆ ಎಂದರು. ಆಗ ಅವರ ಬೆನ್ನ ಹಿಂದೆ ಪಹಣಿಗೆ ಬಂದ ನಾಲ್ಕು ಜನ ನಿಂತಿದ್ದರಂತೆ. ಅವರಲ್ಲೊಬ್ಬರು ಆಕೆಯ ಊರಿನವರಂತೆ.

ನಾನು ಅಂಗಡಿಯವರ ಮೇಲೆ ರೇಗಲು ಬಾಯಿ ತೆರೆದೆ. ಸಾಹೇಬರು ಕೈ ಅಡ್ಡ ತಂದರು.

"ತಪ್ಪು ಇವ್ರದಲ್ಲಮ್ಮ. ಬಾಗ್ಲು ತೆಗೆದಿಟ್ಟೋನು ನಾನು."

ಆಮೇಲೆ ಇನ್ನೂ ಬೆಂಚಿನಲ್ಲೇ ಕೂತಿದ್ದ ಆಕೆಯ ಎದುರಿಗೆ ಹೋಗಿ ಅದನ್ನೇ ಇನ್ನೊಮ್ಮೆ ಹೇಳಿದರು. ನನ್ನ ತಂದೆಯ ವಯಸ್ಸಿನವರು, ಬೆಂಚಿನ ಮುಂದೆ ಕೈಕಟ್ಟಿ ನಿಂತಿದ್ದರು. ಆಕೆ ಎದ್ದು ಹೋದರು.

ಮುಂದಿನ ನಾಲ್ಕು ದಿನ ಅವರು ಬೇರೆ ಕೆಲಸ ಮುಟ್ಟಲಿಲ್ಲ. ಮೂರು ಕಂಪ್ಯೂಟರುಗಳ ನಡುವೆ ಬೇರೆಯದೇ ಒಂದು ನೆಟ್‌ವರ್ಕ್ ಕಟ್ಟುತ್ತೇನೆ ಎಂದರು. ತಂತಿ ಹೊಸದಲ್ಲ, ಇರುವ ತಂತಿಯೊಳಗೇ. ಎಕ್ಸ್‌ಚೇಂಜಿನಲ್ಲಿ ಒಂದು ಕೇಬಲ್ಲಿನೊಳಗೆ ನೂರು ಜೊತೆ ತಂತಿ ಹೋಗುತ್ತಿತ್ತಂತೆ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲವಂತೆ. ಇಲ್ಲಿ ಜೊತೆ ತಂತಿಯ ಬದಲು ಸಾಫ್ಟ್‌ವೇರ್. ನಮ್ಮ ಮೂರು ಯಂತ್ರಗಳಿಗೂ ಒಂದೊಂದು ಕೀಲಿ ಇರುತ್ತದೆ, ಹೋಗುವುದೆಲ್ಲ ಬೀಗ ಹಾಕಿದ ಲಕೋಟೆಯಲ್ಲಿ ಹೋಗುತ್ತದೆ, ಕೀಲಿ ಇಲ್ಲದವರಿಗೆ ಅಂಥದೊಂದು ದಾರಿ ಇರುವುದೇ ಕಾಣುವುದಿಲ್ಲ. ಇಷ್ಟನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು.

ತರೀಕೆರೆಗೂ ಕಡೂರಿಗೂ ಬೇಗ ಕೂಡಿಬಂತು. ಅಜ್ಜಂಪುರ ಸತಾಯಿಸಿತು. ಅಲ್ಲಿಂದ ಸಣ್ಣ ಸಂದೇಶ ಕಳಿಸಿದರೆ ಉತ್ತರ ಬರುತ್ತಿತ್ತು, ರಿಪೋರ್ಟು ಕೇಳಿದರೆ ಮಾತ್ರ ಅರ್ಧಕ್ಕೆ ನಿಂತುಬಿಡುತ್ತಿತ್ತು. ದಿನವಿಡೀ ಗಡ್ಡ ಸವರಿಕೊಂಡರು. ಸಂಜೆ ನಾವಿಬ್ಬರೂ ತರೀಕೆರೆ ಬಸ್ಸಿನಲ್ಲಿ ಬರುತ್ತಿದ್ದೆವು. ಊರು ಹತ್ತಿರವಾಗುವಾಗ ಅವರು ತಟ್ಟನೆ ನನ್ನ ಕಡೆ ತಿರುಗಿದರು.

"ಲಕೋಟೆ ದೊಡ್ಡದಾಯ್ತು ಕಣಮ್ಮ. ಕಾಗದದ ಮೇಲೆ ಲಕೋಟೆ, ಅದ್ರ ಮೇಲೆ ಇನ್ನೊಂದು. ಟಪಾಲು ಡಬ್ಬದ ಬಾಯಿ ಇರೋದೇ ಇಷ್ಟಗಲ."

ಮರುದಿನ ಅಜ್ಜಂಪುರಕ್ಕೆ ಹೋಗಿ ಒಂದು ಸಲಕ್ಕೆ ಎಷ್ಟು ದೊಡ್ಡ ತುಂಡು ಹೋಗಬೇಕು ಎಂಬ ಒಂದೇ ಒಂದು ಅಂಕಿ ಇಳಿಸಿದರು. ರಿಪೋರ್ಟು ಚಕ್ಕನೆ ಬಂದು ನಿಂತಿತು. ನಾನು ಸಾಕು, ಆಯಿತು ಎಂದೆ. ಅವರು ಒಪ್ಪಲಿಲ್ಲ. ಹೋಗಬೇಕಾದ್ದು ಹೋದರೆ ಸಾಲದು, ಹೋಗಬಾರದ್ದು ಹೋಗಲಿಲ್ಲ ಎಂಬುದನ್ನೂ ನೋಡಬೇಕು ಎಂದು ಪಕ್ಕದ ಅಂಗಡಿಗಳ ಕಂಪ್ಯೂಟರಿನಲ್ಲಿ, ನನ್ನ ಫೋನಿನಲ್ಲಿ, ಮತ್ತೆ ಮತ್ತೆ ಪ್ರಯತ್ನಿಸಿದರು. ಪರದೆಯ ಮೇಲೆ ತೆರೆಯಲಾಗಲಿಲ್ಲ ಎಂಬ ಉತ್ತರ ಬಂದಾಗಲೆಲ್ಲ ಅವರ ಮುಖ ಅರಳುತ್ತಿತ್ತು.

ಅಷ್ಟರಲ್ಲಿ ರಕ್ತಪರೀಕ್ಷೆ ಬರೆದುಕೊಟ್ಟಿದ್ದ ಡಾಕ್ಟರರು, ಬಿಸಿಯೂಟದ ಅಕ್ಕನ ಒಪ್ಪಿಗೆ ಪಡೆದು, ತಾವೇ ಶಾಲೆಗೆ ಹೋದರು. ನಾನೂ ಹೋಗಿದ್ದೆ. ಇದು ಊಟದಿಂದ ಹರಡುವ ಕಾಯಿಲೆಯಲ್ಲ ಎಂದು ಪೋಷಕರಿಗೆ ತಿಳಿಹೇಳಿ, ಆಕೆ ಬಡಿಸಿದ ಅನ್ನ ಸಾರನ್ನು ಎಲ್ಲರೆದುರು ಕೂತು ಉಂಡರು. ಒಂದೆರಡು ವಾರ ಗುಸುಗುಸು ಇತ್ತು, ಆಮೇಲೆ ಮಕ್ಕಳೆಲ್ಲ ತಟ್ಟೆ ಹಿಡಿದು ಬಂದರು. ಆದರೆ ಆವತ್ತು ಶಾಲೆಯಲ್ಲಿ ಆಕೆ ಒಂದು ಮಾತೂ ಆಡಿರಲಿಲ್ಲ. ಯಾರ್ಯಾರೋ ತನ್ನ ರಕ್ತದ ಬಗ್ಗೆ ಮಾತಾಡುವುದನ್ನು ನೆಲ ನೋಡುತ್ತಾ ಕೇಳಿಸಿಕೊಂಡಿದ್ದರು.

ಮುಂದಿನ ಪರೀಕ್ಷೆಗೆ ಬರುವಂತೆ ನಾನು ಕರೆದಾಗ ಮತ್ತೆ ಹಾಗೆ ಆಗುವುದಿಲ್ಲ ಎಂದು ಹೇಗೆ ನಂಬಲಿ ಎಂದರು. ಆ ಮಾತನ್ನು ಸಾಹೇಬರಿಗೆ ಮುಟ್ಟಿಸಿದೆ. ಸಾಹೇಬರು ಆಕೆಯನ್ನು ಕಡೂರಿಗೆ ಕರೆಸಿ, ಝೆರಾಕ್ಸ್ ಅಂಗಡಿಯ ಕುರ್ಚಿಯಲ್ಲೇ ಕೂರಿಸಿ, ನಿಮ್ಮ ರಿಪೋರ್ಟು ಹುಡುಕಿ ಎಂದರು. ಆಕೆಗೆ ಕಂಪ್ಯೂಟರ್ ಬಾರದು. ಅಂಗಡಿಯವರೇ ಪಕ್ಕದಲ್ಲಿ ನಿಂತು, ಆಕೆ ತೋರಿಸಿದ್ದನ್ನೆಲ್ಲ ಒತ್ತಿದರು. ಇದನ್ನು ನೋಡಿ, ಅದನ್ನು ನೋಡಿ ಎಂದು ಆಕೆ ಬಹಳ ಹೊತ್ತು ಬಿಡಲಿಲ್ಲ. ಎಲ್ಲೂ ಇಲ್ಲ. ಆಮೇಲೆ ಪ್ಲೈವುಡ್ಡಿನ ಈಚೆಗೆ ಕರೆತಂದು ನಮ್ಮ ಕಂಪ್ಯೂಟರ್ ತೋರಿಸಿದರು. ತರೀಕೆರೆಯಲ್ಲಿದ್ದ ರಿಪೋರ್ಟು ಕಣ್ಣೆದುರು ತೆರೆದುಕೊಂಡಿತು.

ಆಕೆ ಗೋಡೆಯ ಆಚೆ ನೋಡಿದರು, ಈಚೆ ನೋಡಿದರು. ಉದ್ದಕ್ಕೆ ಉಸಿರು ಬಿಟ್ಟು, ರಕ್ತ ತೆಗೆಯಲು ತೋಳು ಚಾಚಿದರು. ನನ್ನ ಎದೆಯಲ್ಲಿ ಅಷ್ಟು ದಿನ ಕೂತಿದ್ದ ಕಲ್ಲು ಆ ಗಳಿಗೆಯಲ್ಲಿ ಇಳಿಯಿತು. ಸಾಹೇಬರು ಆಚೆ ಹೋಗಿ ಮೂರು ಟೀ ಹೇಳಿ ಬಂದರು.

ಸಾಹೇಬರು ತೀರಿಕೊಂಡು ಎಂಟು ತಿಂಗಳಾಯಿತು. ಮಲಗಿದವರು ಏಳಲಿಲ್ಲ ಅಷ್ಟೇ. ಆವತ್ತು ಹೋಗಿದ್ದೆ, ಆದರೆ ಜನರ ನಡುವೆ ಮನೆಯವರೊಡನೆ ಮಾತಾಡಲು ಆಗಿರಲಿಲ್ಲ. ಈ ಸಲ ಪರೀಕ್ಷೆಗೆ ಬಂದ ಬಿಸಿಯೂಟದ ಅಕ್ಕ ಸಾಹೇಬರು ಹೇಗಿದ್ದಾರೆ ಎಂದು ಕೇಳಿದರು. ಹೇಳಿದೆ. ಅವರ ಮನೆ ತೋರಿಸುತ್ತೀರಾ ಎಂದರು.

ಮೊನ್ನೆ ಭಾನುವಾರ ಇಬ್ಬರೂ ಹೋದೆವು. ಸಾಹೇಬರ ಹೆಂಡತಿ ಚಾಪೆ ಹಾಸಿ ಕೂರಿಸಿದರು, ಟೀ ಕೊಟ್ಟರು. ನಾವು ಯಾರೆಂದು ಅವರಿಗೆ ಗೊತ್ತೇ ಇರಲಿಲ್ಲ.

"ಅವ್ರು ಮನೇಲಿ ಏನೂ ಹೇಳೋರಲ್ಲ. ಲೈನ್ ಕೆಲ್ಸ ಅಂತ ಹೋಗೋರು, ಬರೋರು. ನಿಮ್ಗೆ ಏನ್ ಮಾಡ್ಕೊಟ್ಟಿದ್ರು?"

ಸಾಹೇಬರ ಉಪಕಾರ ಹೇಳಬೇಕೆಂದರೆ ಪಕ್ಕದಲ್ಲಿ ಕೂತವರ ಕಷ್ಟವನ್ನೂ ಹೇಳಬೇಕು. ಅದು ನಾನು ಹೇಳುವ ಮಾತಲ್ಲ. ಟೀ ಲೋಟ ನೋಡುತ್ತಾ ಕೂತೆ.

ಆಕೆ ತಮ್ಮ ಲೋಟವನ್ನು ನೆಲದ ಮೇಲಿಟ್ಟರು.

"ನಂದೊಂದು ರಿಪೋರ್ಟು ಇತ್ತಮ್ಮ," ಎಂದು ಶುರುಮಾಡಿದರು.

ಮೊದಲಿಂದ ಕೊನೆಯವರೆಗೆ ಹೇಳಿದರು. ಕಾಯಿಲೆಯ ಹೆಸರು ಬಂದಾಗಲೂ ದನಿ ತಗ್ಗಿಸಲಿಲ್ಲ. ಸಾಹೇಬರ ಹೆಂಡತಿ ಆಕೆಯ ಕೈ ಹಿಡಿದುಕೊಂಡು ಕೇಳಿದರು. ಆಕೆ ಅದನ್ನು ತಾವಾಗಿ ಒಬ್ಬರಿಗೆ ಹೇಳಿದ್ದು ಅದೇ ಮೊದಲು. ನನಗೆ ಎಷ್ಟೋ ಹಗುರಾಯಿತು. ಕೇಳಬೇಕಿದ್ದ ಒಬ್ಬರು ಮಾತ್ರ ಅಲ್ಲಿರಲಿಲ್ಲ.