ಆಚೆ ದಡದ ಬೆಂಕಿ

ದೆವ್ವ, ಗಾಳಿ ಸೋಕುವುದು, ಶಕುನ ಇಂಥವನ್ನೆಲ್ಲ ನಾನು ನಂಬಿದವನಲ್ಲ. ಐವತ್ತರ ದಶಕದಲ್ಲಿ ಗುಂಡ್ಲುಪೇಟೆಯ ಒಬ್ಬ ಡಾಕ್ಟರ ಬಳಿ ಕಾಂಪೌಂಡರ್ ಆಗಿದ್ದೆ. ಮಲೇರಿಯಾ ಹಿಡಿದು ನಡುಗುವವರ ತೋಳಿಗೆ ಮೊದಲು ತಾಯತ ಕಟ್ಟಿಸಿ, ಅದು ನಾಟದೆ ಹೋದಮೇಲೆ ನಮ್ಮ ಬಳಿ ಎತ್ತಿಕೊಂಡು ಬರುತ್ತಿದ್ದ ಜನರನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಬಾಯಿಬಿಟ್ಟು ಬೈದದ್ದೂ ಉಂಟು. ಈಗ ಹೇಳಲಿರುವುದನ್ನು ಅವರಲ್ಲಿ ಯಾರಾದರೂ ಬಂದು ನನಗೆ ಹೇಳಿದ್ದರೆ, ಜ್ವರ ತಲೆಗೇರಿದೆ ಎಂದು ಗುಳಿಗೆ ಕೊಟ್ಟು ಕಳಿಸುತ್ತಿದ್ದೆ. ನೀವೂ ಹಾಗೆಯೇ ಅಂದುಕೊಂಡರೆ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೆ.

ಹಂಗಳದ ಚನ್ನೇಗೌಡರು ನನಗೆ ಪರಿಚಯವಾದದ್ದು ಅವರ ಕಾಲಿನ ಹುಣ್ಣಿನಿಂದ. ಹದಿನೈದು ದಿನ ನಾನೇ ಕಟ್ಟು ಬಿಚ್ಚಿ ಕಟ್ಟಿದ್ದೆ. ಅಂದಿನಿಂದ ನನ್ನನ್ನು ಮನೆಯವನಂತೆ ನೋಡುತ್ತಿದ್ದರು. ಅವರ ಜೋಳದ ಹೊಲ ಕಾಡಿನಂಚಿಗಿತ್ತು. ಚಳಿಗಾಲ ಹಿಡಿಯುತ್ತಿದ್ದಂತೆ ಹಂದಿಗಳು ಹೊಲಕ್ಕೆ ನುಗ್ಗಿ ಒಂದೇ ರಾತ್ರಿಯಲ್ಲಿ ಅರ್ಧ ಎಕರೆ ನೆಲಸಮ ಮಾಡುತ್ತಿದ್ದವು. ಲೈಸೆನ್ಸ್ ಇದ್ದ ಜೋಡುನಳಿಗೆಯ ಕೋವಿ ಅವರಲ್ಲಿತ್ತು. ಆದರೆ ನಿಜ ಹೇಳಬೇಕೆಂದರೆ ಅವರಿಗೆ ಬೇಟೆಗಿಂತ ಕಾಡಿನಲ್ಲಿ ತಾವೇ ಕೂತು ಮಾಡುವ ಅಡುಗೆಯ ಮೇಲೆ ಆಸೆ ಹೆಚ್ಚು. ಒಂದು ಭಾನುವಾರಕ್ಕೆ ಮತ್ತೊಂದು ರಜೆ ಸೇರಿ ಬಂದಾಗ ನನ್ನನ್ನೂ ಹೊರಡಿಸಿದರು.

ನಾವು ನಾಲ್ವರು. ಗೌಡರು, ನಾನು, ಗೌಡರ ಹೆಂಡತಿ ಸಾಕಮ್ಮನವರ ತಮ್ಮ ಪುಟ್ಟಸ್ವಾಮಿ, ಮತ್ತೆ ಹೆಜ್ಜೆ ನೋಡುವುದರಲ್ಲಿ ಪಳಗಿದ ಮಾದನಾಯಕ. ಮಾದನಾಯಕನಿಗೆ ಅರವತ್ತರ ಹತ್ತಿರ. ಮಾತು ಕಡಿಮೆ. ಹೊಲದಾಚೆ ಒಂದು ಹಳೆಯ ಕೆರೆ. ಅದರ ಈಚೆ ದಡದಲ್ಲಿ ನಮ್ಮನ್ನು ಇಳಿಸಿ, ಮೂರನೆಯ ದಿನ ಬೆಳಿಗ್ಗೆ ಬರುವುದಾಗಿ ಹೇಳಿ ಗಾಡಿಯವನು ಊರಿಗೆ ಮರಳಿದ. ಕೆರೆ ತೀರ ದೊಡ್ಡದಲ್ಲ, ಈ ದಡದಲ್ಲಿ ಗಟ್ಟಿಯಾಗಿ ಕೂಗಿದರೆ ಆ ದಡಕ್ಕೆ ಕೇಳುವಷ್ಟು ಅಗಲ. ಆಚೆ ದಡದಲ್ಲಿ ಲಂಟಾನ ಪೊದೆ ಒತ್ತಾಗಿ ಬೆಳೆದಿತ್ತು. ಅತ್ತ ದಾರಿಯೂ ಇರಲಿಲ್ಲ.

ಸಂಜೆಗೆ ಎರಡು ಕಾಡುಕೋಳಿ ಸಿಕ್ಕವು. ಗೌಡರು ಮೂರು ಕಲ್ಲು ಹೂಡಿ ಒಲೆ ಹಚ್ಚಿದರು. ಕೋಳಿಯನ್ನು ಬೆಂಕಿಯಲ್ಲಿ ಸುಟ್ಟು, ಹೆರೆದು, ತುಂಡು ಮಾಡಿ, ಸಾಕಮ್ಮನವರು ಮನೆಯಲ್ಲೇ ಅರೆದು ಎಲೆಯಲ್ಲಿ ಕಟ್ಟಿ ಕಳಿಸಿದ್ದ ಮಸಾಲೆ ಹಾಕಿ ಬೇಯಲು ಇಟ್ಟರು. ಯಾರೂ ಸೌಟು ಮುಟ್ಟುವಂತಿಲ್ಲ. ಕತ್ತಲಾದ ಕೂಡಲೆ ಚಳಿ ಇಳಿಯಿತು. ನಾನು ಮಫ್ಲರ್ ಸುತ್ತಿಕೊಂಡು ಒಲೆಯ ಹತ್ತಿರ ಸರಿದು ಕೂತೆ.

ಆಗ ಪುಟ್ಟಸ್ವಾಮಿ ಆಚೆ ದಡದ ಕಡೆ ಕೈ ತೋರಿಸಿದ. ಅಲ್ಲಿ ಒಂದು ಬೆಂಕಿ ಉರಿಯುತ್ತಿತ್ತು.

ಬಿದಿರು ಕಡಿಯುವವರೋ ವೈನಾಡಿನ ಕಡೆಯಿಂದ ಬಂದವರೋ ಇರಬೇಕು ಎಂದು ನಾವು ಮಾತಾಡಿಕೊಂಡೆವು. ಬೆಂಕಿಯ ಪಕ್ಕದಲ್ಲಿ ಇಬ್ಬರು ಕೂತಿದ್ದರು. ಒಬ್ಬ ಮೊಣಕಾಲಿನ ಮೇಲೆ ತಲೆಯಿಟ್ಟುಕೊಂಡು ಅಲುಗಾಡದೆ ಕೂತಿದ್ದ. ಅವರ ಪಕ್ಕದಲ್ಲಿ ಇನ್ನೊಬ್ಬ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಮಾದನಾಯಕ ಒಂದು ಸಲ ನೋಡಿದವನು, ಎದ್ದು ನಮ್ಮ ಒಲೆಯ ಈಚೆಗೆ ಬಂದು ಕೆರೆಗೆ ಬೆನ್ನು ಹಾಕಿ ಕೂತ.

"ಆ ದಡ್ದಲ್ಲಿ ಯಾರೂ ಬೆಂಕಿ ಆಕಕಿಲ್ಲ ಬುದ್ದಿ," ಎಂದ. "ಸುಮ್ನೆ ಉಣ್ಣಿ."

ಗೌಡರು ಕಣ್ಣು ಕಿರಿದು ಮಾಡಿ ನೋಡಿದರು. "ಬೆಂಕಿ ಮ್ಯಾಗೆ ಪಾತ್ರೆನೇ ಇಲ್ಲ ಕಣ್ಲಾ ಪುಟ್ಟ. ಅಸ್ಕಂಡು ಕೂತವ್ರೆ," ಎಂದವರೇ ಎದ್ದು ನೀರಿನ ಅಂಚಿಗೆ ಹೋಗಿ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದರು. "ಯಾರಪ್ಪಾ ಅಲ್ಲಿ, ಬನ್ನಿ, ಊಟಕ್ಕೆ ಬನ್ನಿ." ನಾನೂ ಅವರ ಪಕ್ಕಕ್ಕೆ ಹೋಗಿ ನಿಂತೆ.

ಅತ್ತ ಕೂತಿದ್ದವರಲ್ಲಿ ಒಬ್ಬ ಎದ್ದು ನೀರಿನ ತನಕ ಬಂದ. ಬೆಂಕಿ ಅವನ ಬೆನ್ನಿಗಿದ್ದುದರಿಂದ ಕಪ್ಪು ಆಕಾರವಷ್ಟೇ ಕಾಣುತ್ತಿತ್ತು. ಎರಡೂ ಕೈ ಮೇಲೆತ್ತಿ ಜೋರಾಗಿ ಬೀಸತೊಡಗಿದ. ಏನೋ ಕೂಗುತ್ತಿದ್ದ ಹಾಗಿತ್ತು, ಆದರೆ ನಮಗೆ ಒಂದು ಚೂರೂ ಕೇಳಲಿಲ್ಲ. ಕಪ್ಪೆಗಳ ಸದ್ದು ಕೇಳುತ್ತಿತ್ತು, ಅವನ ದನಿ ಇಲ್ಲ.

ಗೌಡರು ನನ್ನ ಕಡೆ ತಿರುಗಿ, "ಕರೀತಾವ್ರೆ ಕಣ್ರೀ ಕಾಂಪೌಂಡ್ರೇ. ಮನಗಿರೋನಿಗೆ ಜ್ವರ ಬಂದಂಗದೆ," ಎಂದರು. ನನಗೂ ಹಾಗೆಯೇ ಅನಿಸಿತು. ಚೀಲದಲ್ಲಿ ಗುಳಿಗೆ ಇವೆ, ಬೆಳಿಗ್ಗೆ ಹೋಗಿ ನೋಡೋಣ ಎಂದು ಹೇಳಿದವನು ನಾನೇ. ಕತ್ತಲಲ್ಲಿ ಆ ಪೊದೆಗಳ ನಡುವೆ ಹೋಗುವಂತಿರಲಿಲ್ಲ. ಊಟ ಮಾಡಿದೆವು. ಸಾರು ಚೆನ್ನಾಗಿತ್ತು. ನಾನು ಕಂಬಳಿ ಹೊದ್ದು ಮಲಗುವಾಗಲೂ ಆ ಬೆಂಕಿ ಉರಿಯುತ್ತಲೇ ಇತ್ತು.

ಮರುದಿನ ಕೆರೆಯನ್ನು ಬಳಸಿ ಆಚೆ ದಡ ಸೇರುವಷ್ಟರಲ್ಲಿ ಬಿಸಿಲು ಏರಿತ್ತು. ಮಾದನಾಯಕ ಬೇಡವೆಂದು ಎರಡು ಸಲ ಹೇಳಿದ್ದ, ಗೌಡರು ಕಿವಿಗೆ ಹಾಕಿಕೊಳ್ಳಲಿಲ್ಲ. ಅಲ್ಲಿ ನೀರಿನ ಹತ್ತಿರ ನಾಲ್ಕು ಜನ ಕೂರುವಷ್ಟು ಬಯಲು ಜಾಗ ಇದ್ದದ್ದು ಒಂದೇ ಕಡೆ. ಆದರೆ ಅಲ್ಲಿ ಬೂದಿ ಇರಲಿಲ್ಲ. ಸುಟ್ಟ ಕಡ್ಡಿ ಇರಲಿಲ್ಲ. ನೆರಳಿದ್ದ ಕಡೆ ಹುಲ್ಲಿನ ಮೇಲೆ ಇಬ್ಬನಿ ಹಾಗೆಯೇ ಇತ್ತು, ಅದರ ಮೇಲೆ ಒಂದು ಕಾಲಿನ ಗುರುತೂ ಇಲ್ಲ. ಜಾಗ ತಪ್ಪಿರಬೇಕೆಂದು ಸುತ್ತ ಹುಡುಕಿದೆವು. ಹಾಗೆ ಹುಡುಕುವಾಗಲೇ ಹಂದಿಗಳು ಹೊರಳಾಡಿದ ಕೆಸರುಗುಂಡಿ ಸಿಕ್ಕಿತು. ಹಸಿ ಹೆಜ್ಜೆಗಳಿದ್ದವು. ಗೌಡರಿಗೆ ಬೆಂಕಿಯ ವಿಷಯ ಮರೆತೇಹೋಯಿತು. ಬಂದದ್ದು ಬಂದೆವು, ಸಂಜೆಯ ತನಕ ಇಲ್ಲೇ ಕಾಯೋಣ ಎಂದರು.

ಹೊತ್ತು ಮುಳುಗುವಾಗ ಒಂದು ಒಂಟಿ ಗಂಡುಹಂದಿ ಬಂತು. ಗೌಡರ ಗುಂಡು ತಗುಲಿತು, ಆದರೆ ಅದು ಬೀಳಲಿಲ್ಲ. ಪೊದೆಯೊಳಗೆ ನುಗ್ಗಿತು. ಮಾದನಾಯಕ ತೋಳು ಹಿಡಿದು ತಡೆದರೂ ಗೌಡರು ಕೊಸರಿಕೊಂಡು ಹಿಂದೆ ಹೋದರು. ಎರಡು ಮಾರು ಹೋಗಿದ್ದರೋ ಇಲ್ಲವೋ, ಅದು ಪಕ್ಕದಿಂದ ಬಂದು ತೊಡೆಯ ಒಳಭಾಗವನ್ನು ಸೀಳಿಕೊಂಡು ಹೋಯಿತು.

ರಕ್ತನಾಳವೇ ಹರಿದಿತ್ತು. ನನ್ನ ಟವೆಲನ್ನೂ ಪುಟ್ಟಸ್ವಾಮಿಯ ಪಂಚೆಯನ್ನೂ ಬಿಗಿದು ಕಟ್ಟಿದೆ. ಮುಷ್ಟಿಯಿಟ್ಟು ಒತ್ತಿ ಹಿಡಿದೆ. ಅದು ನಿಲ್ಲುವ ರಕ್ತವಲ್ಲವೆಂದು ನನಗೆ ಗೊತ್ತಾಗಿತ್ತು, ಆದರೂ ಕೈ ತೆಗೆಯಲಿಲ್ಲ. "ಕಾಲು ತಣ್ಣಗಾಯ್ತದೆ ಕಣ್ರೀ," ಎಂದರು ಗೌಡರು. ಆಮೇಲೆ ನೀರು ಕೇಳಿದರು. ಪುಟ್ಟಸ್ವಾಮಿ ಬೊಗಸೆಯಲ್ಲಿ ತರುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಮಾದನಾಯಕ ಊರಿಗೆ ಓಡಿದ. ಆನೆಗಳು ಓಡಾಡುವ ದಾರಿ, ಬೆಳಗಾಗುವ ಮುಂಚೆ ಗಾಡಿ ಬರುವ ಹಾಗಿರಲಿಲ್ಲ. ನರಿ, ಕತ್ತೆಕಿರುಬ ಹೆಣದ ಹತ್ತಿರ ಬರಬಾರದಲ್ಲ. ನಾನೂ ಪುಟ್ಟಸ್ವಾಮಿಯೂ ಗೌಡರನ್ನು ಆ ಬಯಲು ಜಾಗಕ್ಕೆ ಎತ್ತಿ ತಂದು ಮಲಗಿಸಿ, ಅವರ ಪಂಚೆಯನ್ನೇ ಮುಖದ ತನಕ ಹೊದಿಸಿ, ಪಕ್ಕದಲ್ಲಿ ಬೆಂಕಿ ಹಾಕಿಕೊಂಡು ಕೂತೆವು. ನನ್ನ ಕೈಗಳಲ್ಲಿ ರಕ್ತ ಒಣಗಿ ಚರ್ಮ ಬಿಗಿಯುತ್ತಿತ್ತು. ನನಗೆ ಆಗ ಏನೂ ಹೊಳೆಯಲಿಲ್ಲ ಎಂದರೆ ನಂಬಿ. ಸಾಕಮ್ಮನವರಿಗೆ ಹೇಗೆ ಹೇಳುವುದು ಎಂಬುದೊಂದೇ ತಲೆಯಲ್ಲಿತ್ತು.

ಪುಟ್ಟಸ್ವಾಮಿ ಮೊಣಕಾಲಿನಲ್ಲಿ ಮುಖ ಹುದುಗಿಸಿಕೊಂಡಿದ್ದ. ತಲೆ ಎತ್ತದೆಯೇ ಹೇಳಿದ.

"ಸಾ, ಭಾವ ಕೂಗ್ತಾವ್ರೆ."

ದುಃಖಕ್ಕೆ ಬುದ್ಧಿ ಕದಡಿದೆ ಎಂದುಕೊಂಡೆ. ಆಮೇಲೆ ನನಗೂ ಕೇಳಿಸಿತು. ನೀರಿನ ಮೇಲೆ ಸ್ಪಷ್ಟವಾಗಿ ಬಂತು, ಬನ್ನಿ, ಊಟಕ್ಕೆ ಬನ್ನಿ ಎಂದು.

ತಿರುಗಿ ನೋಡಿದೆ. ನಾವು ಹಿಂದಿನ ರಾತ್ರಿ ಇದ್ದ ದಡದಲ್ಲಿ ಒಲೆ ಉರಿಯುತ್ತಿತ್ತು. ಒಲೆಯ ಮೇಲೆ ಪಾತ್ರೆ. ಅದರ ಹಿಂದೆ ಒಬ್ಬ ಮುದುಕ ನಮಗೆ ಬೆನ್ನು ಹಾಕಿ ಕೂತಿದ್ದ, ಒಲೆಯ ಪಕ್ಕದಲ್ಲಿ ಇನ್ನೊಬ್ಬ. ನೀರಿನ ಅಂಚಿನಲ್ಲಿ ಇಬ್ಬರು ನಿಂತಿದ್ದರು. ಒಬ್ಬರ ನಿಲುವನ್ನು ನಾನು ಎಷ್ಟು ದೂರದಿಂದಲೂ ಗುರುತು ಹಿಡಿಯಬಲ್ಲೆ. ಅವರು ಇಲ್ಲಿ, ನನ್ನ ಕಾಲ ಬುಡದಲ್ಲಿ, ಪಂಚೆಯ ಕೆಳಗೆ ತಣ್ಣಗೆ ಮಲಗಿದ್ದರು. ಅವರ ಪಕ್ಕದಲ್ಲಿದ್ದ ತೆಳ್ಳನೆಯವನು ಕುತ್ತಿಗೆಗೆ ಮಫ್ಲರ್ ಸುತ್ತಿದ್ದ.

ಯೋಚನೆ ಮಾಡುವಷ್ಟು ಹೊತ್ತು ಇರಲಿಲ್ಲ. ಎದ್ದು ನೀರಿನವರೆಗೆ ಓಡಿದೆ. ಎರಡೂ ಕೈ ಮೇಲೆತ್ತಿ ಬೀಸಿದೆ. ಬರಬೇಡಿ ಗೌಡ್ರೇ, ಈ ದಡಕ್ಕೆ ಬರಬೇಡಿ ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಕೂಗುತ್ತಿರುವಾಗಲೇ ಇದು ಅವರಿಗೆ ಕೇಳುವುದಿಲ್ಲ ಎಂಬುದು ನೆನಪಾಯಿತು. ಆಚೆ ಗೌಡರು ತಲೆ ತಿರುಗಿಸಿ ಪಕ್ಕದವನಿಗೆ ಏನೋ ಹೇಳಿದರು. ಏನು ಹೇಳಿದರೆಂದು ನನಗೆ ಗೊತ್ತಿತ್ತು, ಕರೀತಾವ್ರೆ ಕಣ್ರೀ ಎಂದು. ಕೈಗಳು ತಾವಾಗಿ ಕೆಳಗಿಳಿದವು. ಆಮೇಲೆ ಅತ್ತ ನೋಡುವ ಧೈರ್ಯ ಬರಲಿಲ್ಲ. ಪುಟ್ಟಸ್ವಾಮಿ ತಲೆ ಎತ್ತಲೇ ಇಲ್ಲ.

ನಸುಕಿನಲ್ಲಿ ಮಾದನಾಯಕ ಜನರನ್ನೂ ಗಾಡಿಯನ್ನೂ ಕರೆತಂದ. ಪೊಲೀಸರು ಬಂದರು, ಪಂಚನಾಮೆ ಆಯಿತು. ಹಂದಿ ತಿವಿದು ಸಾವು ಎಂದು ಬರೆದುಕೊಂಡರು. ಅದರಲ್ಲಿ ಸುಳ್ಳೇನೂ ಇಲ್ಲ.

ಡಾಕ್ಟರಿಗೆ ಒಮ್ಮೆ ಹೇಳಿದೆ. ನಿದ್ದೆಗೆಟ್ಟು, ಆಘಾತವಾಗಿ, ಹಿಂದಿನ ರಾತ್ರಿ ಕಂಡದ್ದೇ ಮತ್ತೆ ಕಣ್ಣಿಗೆ ಕಟ್ಟಿದೆ ಎಂದರು. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ. ಆದರೆ ಮೊದಲ ರಾತ್ರಿ ನನಗೆ ಯಾವ ಆಘಾತವೂ ಆಗಿರಲಿಲ್ಲ, ಆ ಬೆಂಕಿಯನ್ನು ಕಂಡವರು ನಾಲ್ವರು. ಎರಡನೆಯ ರಾತ್ರಿ ಆ ದನಿ ಮೊದಲು ಕೇಳಿದ್ದು ನನಗಲ್ಲ. ಪುಟ್ಟಸ್ವಾಮಿ ಮುಂದೆ ವೈನಾಡಿನ ಕಾಫಿ ತೋಟವೊಂದಕ್ಕೆ ಕೆಲಸಕ್ಕೆ ಹೋದ. ಊರಿಗೆ ಬಂದಾಗ ನನ್ನನ್ನು ಕಂಡರೆ ರಸ್ತೆಯ ಆ ಬದಿಗೆ ದಾಟಿಬಿಡುತ್ತಿದ್ದ. ಮಾದನಾಯಕನನ್ನು ಕೇಳಿದ್ದಕ್ಕೆ, "ನಾನು ಆ ಕಡೀಕೆ ತಿರುಗ್ನೇ ಇಲ್ವಲ್ಲ ಬುದ್ದಿ," ಎಂದಷ್ಟೇ ಹೇಳಿದ.

ಆ ಹೊತ್ತು ನಾನು ಎದ್ದು ಕೈ ಬೀಸದೆ ಸುಮ್ಮನೆ ಕೂತಿದ್ದರೆ ಏನಾಗುತ್ತಿತ್ತು? ಎಷ್ಟು ವರ್ಷ ಯೋಚಿಸಿದರೂ ಇದಕ್ಕೆ ತುದಿ ಸಿಗಲಿಲ್ಲ. ಏಳದೆ ಇರಲು ನನ್ನಿಂದ ಆಗುತ್ತಿತ್ತೇ ಎಂಬುದೂ ಗೊತ್ತಿಲ್ಲ.

ಸಾಕಮ್ಮನವರು ಆ ವಿಷಯ ಎತ್ತಿದ್ದು ಒಂದೇ ಸಲ. ಮಗಳ ಕೆಮ್ಮಿಗೆ ಔಷಧಿ ತೆಗೆದುಕೊಳ್ಳಲು ಬಂದಿದ್ದರು. ನಾನು ಶೀಶೆಗೆ ಚೀಟಿ ಅಂಟಿಸುತ್ತಿದ್ದಾಗ ಮೆಲ್ಲಗೆ ಕೇಳಿದರು.

"ಜೋಳದ್ ಒಲ ಇದ್ದದ್ದು ಈ ದಡ್ದಲ್ಲಿ. ಆ ದಡಕ್ಕೆ ಯಾಕ್ ಓದ್ರು ಸಾ?"

ಅಲ್ಲಿ ಹಂದಿಯ ಹೆಜ್ಜೆ ಕಂಡಿತ್ತು ಎಂದೆ. ಆಕೆ ಶೀಶೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟುಹೋದರು. ಯಾರೋ ಕರೆದರು ಎಂದು ಹೇಳಿದ್ದರೆ, ಯಾರು ಎಂದು ಆಕೆ ಕೇಳುತ್ತಿದ್ದರು.