ಹೊರಗೆ ಹೇಳಿದ ಮಾತು

ಮಾತು ಬಲ್ಲವನಿಗೆ ಜಗಳವಿಲ್ಲ ಎಂದ ಹಿರಿಯರು ನಮ್ಮ ಕಳಕೇಶ ವಕೀಲನನ್ನು ನೋಡಿರಲಿಲ್ಲ, ಬಿಡಿ. ಅವನು ಮಾತೂ ಬಲ್ಲ, ಮಂದಿಯ ಜಗಳವೇ ಅವನಿಗೆ ಅನ್ನ. ಮುಂಡರಗಿಯ ಬಸ್ ಕಂಡಕ್ಟರನ ಮಗ. ಗದಗಿನ ಕೋರ್ಟಿಗೆ ಬಂದು ಕರಿ ಕೋಟು ತೊಟ್ಟು ಇಪ್ಪತ್ತು ವರ್ಷದ ಮೇಲಾಗಿತ್ತು. ಇಂಗ್ಲಿಷು ಅಷ್ಟಕ್ಕಷ್ಟೆ, ಕಾನೂನಿನ ಪುಸ್ತಕವನ್ನೂ ಎಲ್ಲರಷ್ಟೇ ಓದಿದ್ದ. ಆದರೆ ಕಟಕಟೆಯಲ್ಲಿ ನಿಂತ ಸಾಕ್ಷಿಯ ಬಾಯಿ ಬಿಡಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ.

ಒಮ್ಮೆ ಹೊಲದ ಬದುವಿನ ತಕರಾರಿನಲ್ಲಿ ಶಿರಹಟ್ಟಿಯ ಮುದುಕನೊಬ್ಬ ಕಟಕಟೆಯಲ್ಲೇ ಕೆರಳಿ ನಿಂತ. "ಲೇ ಕರಿ ಕೋಟಿನವನ, ಬದು ಹಾಕೂ ಮುಂದ ನಿಮ್ಮಪ್ಪ ಇದ್ದನೇನು ಅಲ್ಲಿ?" ಎಂದು ಕೂಗಿದ. ಬೇರೆ ಯಾರಾದರೂ ಆಗಿದ್ದರೆ ನ್ಯಾಯಾಧೀಶರಿಗೆ ದೂರು ಕೊಡುತ್ತಿದ್ದರು. ಕಳಕೇಶ ಕೈಮುಗಿದು, "ಇರಲಿಲ್ಲಜ್ಜಾ. ನಮ್ಮಪ್ಪ ಮುಂಡರಗಿ ಬಸ್ಸಿನ್ಯಾಗ ಟಿಕೀಟ ಹರೀತಿದ್ದ. ನೀ ಇದ್ದೆಯಲ್ಲ, ನೀನ ಹೇಳು ಮತ್ತ," ಎಂದ. ಇಡೀ ಕೋರ್ಟು ನಕ್ಕಿತು, ಮುದುಕನೂ ನಕ್ಕ. ಆಮೇಲೆ ತನ್ನ ಕಡೆಯವರಿಗೆ ಮುಳುವಾಗುವ ಮಾತನ್ನೆಲ್ಲ ತಾನೇ ಒಪ್ಪಿಸಿ ಕೆಳಗಿಳಿದ.

ಹಿಂದೆ ನಮ್ಮಲ್ಲೂ ಜ್ಯೂರಿ ಅಂತ ಇತ್ತಂತೆ. ಊರಿನ ನಾಲ್ಕು ಮಂದಿ ಕೂತು ಕೇಳಿ, ತಪ್ಪಿತಸ್ಥನೋ ಅಲ್ಲವೋ ಹೇಳುತ್ತಿದ್ದರಂತೆ. ಅದೆಲ್ಲ ಹೋಗಿ ಎಷ್ಟೋ ಕಾಲವಾಯಿತು, ಈಗ ನ್ಯಾಯಾಧೀಶರೊಬ್ಬರೇ. ವಕೀಲರೆಲ್ಲ ಅವರ ಮುಖ ನೋಡಿಕೊಂಡು ವಾದ ಮಾಡಿದರೆ ಕಳಕೇಶ ಮಾತ್ರ ಸಾಕ್ಷಿಯ ಮುಖ ನೋಡುತ್ತಿದ್ದ. "ನನ್ನ ಜ್ಯೂರಿ ಕಟಕಟ್ಯಾಗ ನಿಂತಿರತೈತಿ. ಸಾಕ್ಷಿ ನನ್ನ ನಂಬಿದ್ರ ಸಾಹೇಬ್ರೂ ನಂಬತಾರ," ಎನ್ನುತ್ತಿದ್ದ. ಅದು ಸುಳ್ಳೇನಲ್ಲ.

ಇಂಥವನ ಬಳಿಗೆ ಸುಭಾಷ ಎಂಬ ಟೆಂಪೋ ಡ್ರೈವರ್ ಬಂದ. ಲಕ್ಷ್ಮೇಶ್ವರದ ಪೇಟೆಯಲ್ಲಿ ಕಾಳಿನ ಚೀಲ ಇಳಿಸಿ ವಾಪಸು ಬರುವಾಗ, ದಾರಿಯ ಹರ್ತಿ ಊರಲ್ಲಿ ಮನೆ ಮುಂದೆ ಬೈಕು ತೊಳೆಯುತ್ತಿದ್ದ ಯಲ್ಲೇಶ ಎಂಬ ಹುಡುಗನಿಗೆ ಗುದ್ದಿದ್ದ. ಹುಡುಗ ಅಲ್ಲೇ ಹೋದ. "ಫೋನ ಬಂತ್ರಿ. ಯಾರದು ಅಂತ ನೋಡಾಕ ಕೆಳಗ ಬಗ್ಗಿದ್ನಿ. ತಲಿ ಎತ್ತೂದ್ರಾಗ ಎಲ್ಲಾ ಮುಗದಿತ್ರಿ," ಎಂದು ಸುಭಾಷ ಗೊಳೋ ಎಂದು ಅತ್ತ. ಕಳಕೇಶ ಅವನಿಗೆ ನೀರು ಕುಡಿಸಿ, "ಈ ಮಾತು ಇಲ್ಲಿಗೇ ಬಿಡು," ಎಂದ. ಕಕ್ಷಿದಾರ ಒಳಗೆ ಹೇಳಿದ್ದನ್ನು ವಕೀಲ ಹೊರಗೆ ಬಾಯಿ ಬಿಡುವಂತಿಲ್ಲ. ಬಿಟ್ಟರೆ ಕೋಟು ಕಳಚಿಟ್ಟು ಮನೆಗೆ ಹೋಗಬೇಕು.

ಇತ್ತ ಹರ್ತಿಯಲ್ಲಿ ಬೇರೆಯೇ ಸುದ್ದಿ. ಯಲ್ಲೇಶನೇ ಮೈಮೇಲೆ ಖಬರಿಲ್ಲದೆ ಗಾಡಿಗೆ ಅಡ್ಡ ಬಂದ ಎಂದು ಸುಭಾಷನ ಕಡೆಯವರು ಹಬ್ಬಿಸಿದ್ದರು. ಎಲುಬಿಲ್ಲದ ನಾಲಿಗೆ, ಮಂದಿ ಅದನ್ನೇ ಹಾಡಿದರು. ಯಲ್ಲೇಶನ ತಾಯಿ ಮಾಳವ್ವನಿಗೆ ಮಗ ಸತ್ತದ್ದು ಒಂದು ಸಂಕಟವಾದರೆ ಈ ಮಾತು ಇನ್ನೊಂದು ಸಂಕಟ. ತನ್ನ ಮಗನದು ತಪ್ಪಿಲ್ಲ ಎಂದು ಕೋರ್ಟು ಒಮ್ಮೆ ಹೇಳಬೇಕು, ಊರು ಬಾಯಿ ಮುಚ್ಚಬೇಕು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ.

ಕೋರ್ಟು-ಕಚೇರಿ ಯಾರಿಗೆ ಬೇಕು ಎಂದು ನೆರೆಯವರು ತಾವೇನೂ ನೋಡಿಲ್ಲ ಎಂದುಬಿಟ್ಟರು. ಉಳಿದ ಸಾಕ್ಷಿ ಮಾಳವ್ವ ಒಬ್ಬಳೇ. ಟೆಂಪೋ ಜೋರಾಗಿ ರಸ್ತೆ ಬಿಟ್ಟು ಬಂದದ್ದನ್ನು ಕಣ್ಣಾರೆ ಕಂಡೆ ಎಂದು ಪೊಲೀಸರ ಕಾಗದದಲ್ಲಿ ಅವಳ ಹೇಳಿಕೆ ಇತ್ತು. ಸರ್ಕಾರಿ ವಕೀಲರು ಕಡತದಿಂದ ತಲೆ ಎತ್ತದೆ, "ಮೃತನು ನಿಮಗೇನಾಗಬೇಕು?" ಎಂದು ಶುರು ಮಾಡಿ ಗಡಿಬಿಡಿಯಲ್ಲಿ ಮುಗಿಸಿದರು. ಅವರೇ ತನ್ನ ಕಡೆಯವರು ಎಂದು ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಹೆದರಿ ಬೆವತು ನಿಂತಿದ್ದಳು ಪಾಪ.

ಆಮೇಲೆ ಕಳಕೇಶ ಎದ್ದ. "ಸಾಹೇಬ್ರ, ಈಕಿಗೊಂದು ಕುರ್ಚಿ ಕೊಡಸ್ರಿ," ಎಂದ. ಮಾಳವ್ವ ಕೂತಳು.

"ಯವ್ವಾ, ಯಲ್ಲೇಶಗ ಊಟಕ್ಕ ಏನು ಸೇರತಿತ್ತು?"

ಮಗ ಸತ್ತಂದಿನಿಂದ ಪೊಲೀಸರಾಗಲಿ ಕೋರ್ಟಿನವರಾಗಲಿ ಅವನ ಹೆಸರು ಹಿಡಿದು ಮಾತಾಡಿರಲಿಲ್ಲ. ಮಾಳವ್ವನ ಕಣ್ಣು ತುಂಬಿದವು. ಇವನೇ ತನ್ನ ವಕೀಲ ಎಂದು ಅವಳು ತಿಳಿದದ್ದು ಆಗಲೇ.

"ಬಿಸಿ ರೊಟ್ಟಿರಿ. ಆರಿದ್ದು ಮುಟ್ಟತಿದ್ದಿಲ್ಲ."

"ಅವತ್ತೂ ಬಿಸಿ ರೊಟ್ಟೀನ ಬಡೀತಿದ್ಯೇನು?"

"ಹೂನ್ರಿ. ಬಾರೋ ಯಪ್ಪಾ ಉಣಬಾ ಅಂದೆ. ಬಂದ್ನಿ ತಡಿಯವ್ವಾ ಅಂದ."

"ಒಲಿ ಯಾ ಕಡೆ ಐತವ್ವಾ ನಿಮ್ಮನ್ಯಾಗ?"

"ಒಳಗ್ರಿ, ಹಿತ್ತಲ ಬಾಗಲಕ್ಕ ಹೊಂದಿ."

"ಹಂಗಂದ್ರ ರಸ್ತೆ ನಿನ್ನ ಬೆನ್ನಿಗಾತು."

"ಹೂನ್ರಿ. ಢಬ್ ಅಂತ ಸಪ್ಪಳಾತ್ರಿ. ಹಿಟ್ಟಿನ ಕೈಲೇ ಓಡಿದ್ನಿ."

"ಅಂದ್ರ ಟೆಂಪೋ ಬರೂದು ನೋಡಿಲ್ಲ."

"ಹೆಂಗ ನೋಡ್ಲಿರಿ? ರೊಟ್ಟಿ ಹೆಂಚಿನ ಮ್ಯಾಲಿತ್ತು."

ಟೈಪಿಸ್ಟ್ ಅದನ್ನು ಟೈಪು ಮಾಡಿದಳು. ಸರ್ಕಾರಿ ವಕೀಲರು ಹಣೆ ಒತ್ತಿಕೊಂಡರು. ಕೇಸು ಅಲ್ಲಿಗೆ ಸತ್ತಿತ್ತು. ಮಾಳವ್ವ ಮಾತ್ರ ಎದೆಯ ಭಾರ ಇಳಿದಂತಾಗಿ, ಕೆಳಗಿಳಿದು ಕಳಕೇಶನಿಗೆ ಕೈಮುಗಿದಳು. ಶಿವನೇ, ಅವನೂ ಕೈಮುಗಿದ! ಕೋರ್ಟಿನಲ್ಲಿ ಗೆದ್ದ ದಿನ ಮನೆಯಲ್ಲಿ ಹಾಡು ಗುನುಗುವವನು ಅಂದು ತಟ್ಟೆಯಲ್ಲಿದ್ದ ರೊಟ್ಟಿ ಬಿಟ್ಟು ಎದ್ದ.

ತೀರ್ಪಿನ ದಿನ ಮ್ಯಾಜಿಸ್ಟ್ರೇಟರು ಸಂಶಯದ ಲಾಭ ಕೊಟ್ಟು ಸುಭಾಷನನ್ನು ಬಿಟ್ಟರು. ಸುಭಾಷ ವಕೀಲನ ಕಾಲು ಮುಟ್ಟಿ, ಯಾರ ಮುಖವನ್ನೂ ನೋಡದೆ ಹೊರಟುಹೋದ. ಕಳಕೇಶ ಪಡಸಾಲೆಗೆ ಬಂದರೆ ಮಾಳವ್ವ ಅವನಿಗಾಗಿಯೇ ಕಾದು ನಿಂತಿದ್ದಳು.

"ಸಾಹೇಬ್ರು ಏನೋ ಓದಿದ್ರು, ನನಗೊಂದೂ ತಿಳೀಲಿಲ್ರಿ. ಅವಂಗ ಜೇಲಾಗ್ಲಿ ಅಂತ ನಾ ಏನೂ ಹಟ ಹಿಡದಿಲ್ಲ. ಅವಂಗೂ ಹೆಂಡ್ರು ಮಕ್ಕಳ ಅದಾವ. ನನ್ನ ಮಗಂದು ತಪ್ಪಿಲ್ಲ ಅಂತ ಬರದಾರಿಲ್ಲೋ, ಅಷ್ಟು ಹೇಳ್ರಿ."

ಸರ್ಕಾರಿ ವಕೀಲರನ್ನು ಕೇಳು ಎಂದು ಹೇಳಿ ಪಾರಾಗಬಹುದಿತ್ತು. ಸಾವಿರ ಸಾಕ್ಷಿಗಳನ್ನು ದಾಟಿದವನಿಗೆ ಇದೇನು ದೊಡ್ಡದು? ಆದರೆ ಆ ಮುಖದ ಮುಂದೆ ಅವನಿಗೆ ಆಗಲಿಲ್ಲ.

"ಹಂಗ ಬರದಿಲ್ಲವ್ವಾ. ಆದ್ರ ಯಲ್ಲೇಶಂದು ಏನೂ ತಪ್ಪಿಲ್ಲ," ಎಂದುಬಿಟ್ಟ.

"ಖರೇನ್ರಿ?"

"ಖರೇ ಅವ್ವಾ."

ಮಾಳವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಸಾಕಾಗುವಷ್ಟು ಅತ್ತು, ಕಣ್ಣೊರೆಸಿಕೊಂಡು ಅವನ ಕೋಟಿನ ತೋಳು ಹಿಡಿದಳು. "ಹಂಗಾರ ನಡೀರಿ, ಒಳಗ ಹೇಳೂಣು. ಸಾಹೇಬ್ರು ಇನ್ನೂ ಕುಂತಾರ. ನೀವು ಹೇಳಿದ್ರ ಕೇಳ್ತಾರ."

ಕಳಕೇಶ ಅಲುಗಲಿಲ್ಲ. ಅವನಿಗೇನೋ ಸಂಕೋಚ ಇರಬೇಕೆಂದು ತೋಳು ಬಿಟ್ಟು ತಾನೇ ಒಳಗೆ ನುಗ್ಗಿದಳು. ಬೇರೆ ಕೇಸು ನಡೆದಿತ್ತು.

"ಸಾಹೇಬ್ರ, ನನ್ನ ಮಗಂದು ತಪ್ಪಿಲ್ರಿ! ವಕೀಲ್ರ ಹೇಳ್ಯಾರ. ಬಾಗಲದಾಗ ನಿಂತಾರ ನೋಡ್ರಿ, ಬೇಕಾರ ಕೇಳ್ರಿ."

ಎಲ್ಲರೂ ತಿರುಗಿ ನೋಡಿದರು. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು, "ಏನಿದು ವಕೀಲರೇ?" ಎಂದರು.

ಹೌದು ಎಂದರೆ ಸುಭಾಷ ಒಳಗೆ ಹೇಳಿದ್ದು ಬಯಲು, ತನ್ನ ಕೋಟೂ ಹೋದಂತೆ. ಕಳಕೇಶ ಮಾಳವ್ವನ ಮುಖ ನೋಡದೆ, ಎಲ್ಲರೂ ಮೆಚ್ಚುವ ಆ ಮೆತ್ತನೆ ದನಿಯಲ್ಲಿ ಹೇಳಿದ. "ಏನಿಲ್ರಿ ಸಾಹೇಬ್ರ. ಮಗನ್ನ ಕಳಕೊಂಡ ಜೀವ, ಸಂಕಟದಾಗ ಏನೇನೋ ಅಂತಾಳ."

ಪಾಪ ಎಂದು ಮ್ಯಾಜಿಸ್ಟ್ರೇಟರು ತಲೆಯಾಡಿಸಿದರು. ಕೂತವರೆಲ್ಲ ಅವನನ್ನೇ ನಂಬಿದರು.

"ಈಗ ಹೊರಗ ಹೇಳಿದ್ರಲ್ರೀ ಯಪ್ಪಾ," ಎಂದಳು ಮಾಳವ್ವ.

ಜವಾನ ಅವಳ ರಟ್ಟೆ ಹಿಡಿದು, "ನಡಿಯವ್ವಾ, ನಿನ್ನ ಕೇಸು ಮುಗದೈತಿ," ಎಂದು ಬಾಗಿಲ ಕಡೆಗೆ ಕರೆದೊಯ್ದ. ಅವಳಿಗೆ ಹಾದಿ ಬಿಡಲು ಕಳಕೇಶ ಪಕ್ಕಕ್ಕೆ ಸರಿದು ನಿಂತ.